ಮಾಸ್ತರಿಗೊಂದು ಶಾಲು, ಸಾವ್ಕಾರಗೊಂದು ಶಾಲು

ಜಹೀರಾಬಾದಿನ ಹೈವೇ ಮ್ಯಾಲ ನಮ್ಮ ಮನಿಯವರದು ಟ್ರ್ಯಾಕ್ಟರ್ ಸಾಮಾನಿನ ಅಂಗಡಿ ಅದ. ಬೇರಿಂಗು, ಬೆಲ್ಟು, ಆಯಿಲ್ ಡಬ್ಬಿ ಎಲ್ಲಾ ಸಿಗ್ತಾವ. ಅವುಗಳ ಕೆಳಗಿನ ಖಾನೆದಾಗ ಶಾಲು ಇರ್ತಾವ. ಮಾರಾಕ ಅಲ್ಲ, ಹೊದಿಸಾಕ. ನಮ್ಮ ಕಡಿ ಎಲೆಕ್ಷನ್ ರಿಜಲ್ಟ್ ಬಂದ ದಿನಾನೇ ಗೆದ್ದವರ ಮನಿಗೆ ಹೋಗಿ, ಕೊರಳಿಗೆ ಹಾರ ಹಾಕಿ, ಹೆಗಲಿಗೆ ಶಾಲು ಹೊದಿಸಿ, ಫೋಟೋ ಹೊಡಿಸಿಕೊಂಡು ಬರಬೇಕು. ಮರುದಿನ ಹೋದ್ರ ಲೇಟು. ಅದರ ಮರುದಿನ ಹೋದ್ರ ‘ಇಂವ ಆ ಕಡಿಯಂವ’ ಅಂತ ಲೆಕ್ಕ. ವೋಟು ಯಾರಿಗೆ ಹಾಕೀರಿ ಅಂತ ಯಾರೂ ಕೇಳಂಗಿಲ್ಲ, ಶಾಲು ಯಾವಾಗ ಹಾಕೀರಿ ಅನ್ನೋದನ್ನ ಎಲ್ಲಾರೂ ನೋಡ್ತಾರ.

ಈ ಕೆಲಸದಾಗ ನಮ್ಮ ಮನಿಯವರು ಪಕ್ಕಾ. ಒಮ್ಮೆ ನಾರಾಯಣಖೇಡದಾಗ ಎಣಿಕಿ ಇನ್ನಾ ನಡದಿತ್ತು, ಲೀಡ್ ಬಂದದ ಅನ್ನೋ ಖಬರಿನ ಮ್ಯಾಲೇ ಮೋಟರ್ ಸೈಕಲ್ ಹೊಡಕೊಂಡು ಹೋಗಿ ಮೊದಲನೇ ಶಾಲು ಹಾಕಿ ಬಂದಿದ್ರು. ಆ ಒಂದು ಶಾಲಿನ ಮ್ಯಾಲ ತಮ್ಮ ತಂಗಿ ಗಂಡನ ಟ್ರಾನ್ಸ್‌ಫರ್ ಮಾಡಿಸಿಕೊಂಡ್ರು. ಅವತ್ತಿಂದ ಅವರ ಕಾಲು ನೆಲದ ಮ್ಯಾಲ ಇಲ್ಲ. ನಾನೂ ಬಿಡಾಕಿ ಅಲ್ಲ, “ಅಲ್ರಿ, ಯಾರು ಗೆದ್ರೂ ಹೋಗ್ತೀರಿ, ನಿಮಗೊಂದು ಸಿದ್ಧಾಂತ ಅಂಬೋದು ಇಲ್ಲೇನ್ರಿ?” ಅಂತ ಕೇಳಿದ್ದೆ. “ಟೀಚರಮ್ಮಾ, ಸಿದ್ಧಾಂತಕ್ಕೂ ಥಂಡಿ ಹತ್ತತದ, ಅದಕ್ಕೂ ಒಂದು ಶಾಲು ಬೇಕಾಗತದ” ಅಂದಿದ್ರು. ಮಾತಿಗೇನು ಬರಗಾಲ ಇಲ್ಲ ಈ ಮನುಷ್ಯಾಗ. ಹೋದ ಬ್ಯಾಸಗ್ಯಾಗ ಇವರ ಈ ವಿದ್ಯೆ ಸಮುದ್ರ ದಾಟಿ ಹೋತು. ಅದರ ಹಕೀಕತ್ ಹೇಳ್ತೀನಿ.

ನನಗ ಒಬ್ಬಾಕೀನೇ ತಂಗಿ. ಬೀದರದಾಗ ನರ್ಸಿಂಗ್ ಕಲ್ತಾಳ. ತಾಂಡೂರಿಗೆ ಕೊಟ್ಟಿದ್ವಿ, ಗಂಡನ ಮನಿಯವರದು ಕಲ್ಲು ಕೊಯ್ದು ಪಾಲಿಶ್ ಮಾಡೋ ಕೆಲಸ. ಒಳ್ಳೆ ಹುಡುಗ ಇದ್ದ. ಕಾಮಾಲಿ ಆಗಿ, ನಾಟಿ ಔಷಧಿ ಅಂತ ತಡಾ ಮಾಡಿ, ಕಡೀಕ ದವಾಖಾನಿಗೆ ಒಯ್ಯೋದ್ರೊಳಗ ಕೈ ಬಿಟ್ಟ. ಅವಾಗ ಅವರ ಹೆಣ್ಣುಕೂಸಿಗೆ ಹಲ್ಲು ಸೈತ ಬಂದಿರಲಿಲ್ಲ. ಆಮ್ಯಾಲ ತಾಂಡೂರದಾಗ ನನ್ನ ತಂಗಿಗೆ ಉಸಿರಾಡಾಕ ಆಗಲಿಲ್ಲ. ಯಾರೂ ಹೊಡೀಲಿಲ್ಲ ಬಡೀಲಿಲ್ಲ ಖರೆ, ಆದ್ರ ಲಗ್ನ, ಸೀಮಂತ ಅಂತ ಬಂದಾಗ ಇಕಿನ್ನ ಒಳಗಿನ ಖೋಲಿಯಾಗ ಕೂಡಸತಿದ್ರು. ಕೂಸು ಜರಾ ದೊಡ್ಡದಾಗಿದ್ದೇ ತಡ, ಏಜೆಂಟನ ಕಡಿಂದ ಒಂದು ದ್ವೀಪದ ದೇಶಕ್ಕ ನರ್ಸ್ ಆಗಿ ಹೋದಳು.

ದೇಶ ಅಂದ್ರ ಎಂಥಾ ದೇಶ ಅಂತೀರಿ. ನಾನು ನ್ಯಾಲ್ಕಲ್ ಕಡಿ ಒಂದು ಹಳ್ಳ್ಯಾಗ ಸಾಲಿ ಟೀಚರು. ನಕಾಶೆದಾಗ ಹುಡುಗರಿಗೆ ತೋರಸಾಕ ಹೋದ್ರ ನನ್ನ ಬೆರಳಿನ ಕೆಳಗ ಇಡೀ ದೇಶ ಮುಚ್ಚಿ ಹೋಗತಿತ್ತು. ಅಂಥಾದ್ರಾಗ ಅದಕ್ಕೂ ಒಂದು ಪಾರ್ಲಿಮೆಂಟು, ಅದಕ್ಕೂ ಪಾರ್ಟಿ, ಅದಕ್ಕೂ ಬೈದಾಟ. ನನ್ನ ತಂಗಿ ಇದ್ದ ದ್ವೀಪ ಅಂತೂ ಈ ತುದಿಂದ ಆ ತುದಿಗೆ ನಡಕೊಂಡು ಹೋದ್ರ ಬೆವರೂ ಬರಂಗಿಲ್ಲಂತ. ಆದ್ರ ಆಕಿಗೆ ಅಲ್ಲಿ ಜೀವ ಬಂದಿತ್ತು. “ಅಕ್ಕಾ, ಇಲ್ಲಿ ನಾ ಯಾರ ಹೆಂಡತೀನೂ ಅಲ್ಲ, ಗಂಡ ಸತ್ತಾಕೀನೂ ಅಲ್ಲ. ಬರೇ ಸಿಸ್ಟರು. ಹೆರಿಗಿ ಆದ ಮನ್ಯಾಗ ಮೊದಲು ನನ್ನ ಕೈಯಾಗೇ ಕೂಸು ಕೊಡ್ತಾರ” ಅಂತಿದ್ದಳು. ಇದನ್ನ ಕೇಳಿ ನಾನು ಫೋನ್ ಇಟ್ಟು ಒಬ್ಬಾಕೀನೇ ಅತ್ತೀನಿ.

ಹುಡುಗೀನ್ನ ನಮ್ಮ ಮನ್ಯಾಗ ಬಿಟ್ಟು ಹೋಗಿದ್ದಳು. ನನಗ ಹುಟ್ಟಿದ ಮಕ್ಕಳಿಲ್ಲ. ನಮ್ಮವ್ವ ನಮ್ಮ ಜೋಡೀನೇ ಇರ್ತಾಳ. ಅವ್ವ, ನಾನು, ನಮ್ಮ ಮನಿಯವರು, ಮೂರೂ ಮಂದಿ ಕೂಡಿ ಆ ಹುಡುಗೀನ್ನ ತಲಿಮ್ಯಾಲ ಕುಂದರಿಸಿಕೊಂಡಿದ್ವಿ. ಅದು ನನಗ ದೊಡ್ಡವ್ವ ಅಂತದ, ನಮ್ಮವ್ವಗ ಆಯಿ ಅಂತದ, ಫೋನಿನಾಗಿನ ಆಕಿಗೆ ಮಮ್ಮಿ ಅಂತದ. ವರ್ಷಕ್ಕೊಮ್ಮೆ ಮಮ್ಮಿ ಮನಷ್ಯಾಳಾಗಿ ಬರ್ತಾಳ, ಒಂದು ತಿಂಗಳು ಇರ್ತಾಳ, ಮತ್ತ ಫೋನಿನಾಗ ಹೋಗಿ ಕುಂಡ್ರತಾಳ. ಎರಡನೇ ಕ್ಲಾಸಿಗೆ ಬರೋದ್ರಾಗ ಹುಡುಗಿಗೆ ಇದೆಲ್ಲಾ ರೂಢಿ ಆಗಿ ಹೋಗಿತ್ತು.

ಹಿಂಗಿರಬೇಕಾದ್ರ ಆ ವರ್ಷ ಒಂದು ದಾರಿ ತಗೀತು. ನನ್ನ ತಂಗಿ ಇರೋ ದ್ವೀಪದ ಸೀಟಿಗೆ ಇಬ್ಬರು ನಿಂತಿದ್ರು. ಒಬ್ಬರು ಅಲ್ಲೀ ಸಾಲ್ಯಾಗ ಹೆಡ್‌ಮಾಸ್ತರಾಗಿ ರಿಟೈರ್ ಆದವರು. ಇನ್ನೊಬ್ಬ ದೋಣಿಗಳ ಸಾವ್ಕಾರ. ಮಾಸ್ತರು ಹೇಳಿದ್ದು, ನಮ್ಮ ದವಾಖಾನಿ ನಡಸೋ ಹೊರಗಿನ ನರ್ಸುಗಳು ತಮ್ಮ ಮಕ್ಕಳನ್ನ ಇಲ್ಲೇ ತಂದಿಟ್ಕೋಬೇಕು, ನಮ್ಮ ಸಾಲ್ಯಾಗ ಓದಿಸಬೇಕು, ಪರವಾನಗಿ ನಾ ಕೊಡಸ್ತೀನಿ ಅಂತ. ಸಾವ್ಕಾರ ಹೇಳಿದ್ದು, ಹೊರಗಿನವರು ಬರ್ಲಿ, ಕೆಲಸ ಮಾಡ್ಲಿ, ಹೋಗ್ಲಿ. ಸಂಸಾರ ಹೂಡೋದು ಬ್ಯಾಡ, ಮೊದಲು ನಮ್ಮ ಮಕ್ಕಳು ಅಂತ. ಅವರವರ ಪಾರ್ಟಿ ಮಾತೂ ಅದೇ ಆಗಿತ್ತು. ನನ್ನ ತಂಗಿ ಅರ್ಜಿ ಹಾಕಿದ್ದಳು, ಅದು ಹೊಸಾ ಪಾರ್ಲಿಮೆಂಟಿನ ದಾರಿ ಕಾಯ್ಕೋತ ಕುಂತಿತ್ತು. ಮಾಸ್ತರ ಕಡಿಯವರು ಗೆದ್ರ ಹುಡುಗಿ ಜೂನ್ ತಿಂಗಳದಾಗ ತಾಯಿ ಹಂತ್ಯಾಕ ಹೋಗತದ. ಸಾವ್ಕಾರನ ಕಡಿಯವರು ಗೆದ್ರ ಇಲ್ಲ. ಇಷ್ಟೇ ಲೆಕ್ಕ.

ಅವ್ವಗ ಇದು ಬಿಲ್ಕುಲ್ ಬ್ಯಾಡಾಗಿತ್ತು. “ನೀರಿನ ನಡುವ ಕೂಸು? ನಮ್ಮ ವಂಶದಾಗ ಮೊಣಕಾಲಿಗಿಂತ ಮ್ಯಾಲಿನ ನೀರಾಗ ಯಾರೂ ಇಳಿದಿಲ್ಲ. ಆ ಸಾವ್ಕಾರ ಯಾರೋ ಏನೋ, ಶ್ಯಾಣ್ಯಾ ಅದಾನ, ಅಂವಗೇ ಬರ್ಲಿ” ಅಂತ ಖುಲ್ಲಂಖುಲ್ಲಾ ಹೇಳ್ತಿದ್ದಳು. ನನಗೇನು ಕಲ್ಲಿನ ಎದಿ ಇತ್ತೇನ್ರಿ? ಹುಡುಗಿ ಹೋದ್ರ ಈ ಮನಿ ಬಣಬಣ ಅಂತದ ಅಂತ ಗೊತ್ತಿತ್ತು. ಆದ್ರೂ ಹೆತ್ತಾಕಿ ಹಂತ್ಯಾಕ ಹೋಗ್ಲಿ ಅಂತ ಗಟ್ಟಿಯಾಗಿ ನಿಂತಿದ್ದೆ. ಸುಳ್ಳ್ಯಾಕ ಹೇಳ್ಲಿ, ಮಾಸ್ತರು ಗೆಲ್ಲಲಿ ಅಂತ ಬಾಯಿಲೆ ಅನ್ನೋವಾಗೆಲ್ಲಾ ಒಳಗಿನ ಮನಸು ‘ಸೋಲಲಿ’ ಅಂತಿತ್ತು.

ನಮ್ಮಲ್ಲೂ ಅದೇ ಬ್ಯಾಸಗ್ಯಾಗ ಎಲೆಕ್ಷನ್ ಇತ್ತು. ಓಣ್ಯಾಗ ಮೈಕ್ ಕಟ್ಟಿದ ಆಟೋಗಳು ತೆಲುಗಿನಾಗ, ಉರ್ದುನಾಗ ಒದರತಿದ್ವು. ನನಗ ಡ್ಯೂಟಿ ಟ್ರೇನಿಂಗ್ ಬ್ಯಾರೆ. ಆದ್ರ ನಮ್ಮ ಮನ್ಯಾಗ ಊರ ಎಲೆಕ್ಷನ್ ಮಾತೇ ಇಲ್ಲ. ಬಾಜು ಮನಿಯಾಕಿ ಬಂದು “ಈ ಸಲ ಯಾರು ಬರ್ತಾರ್ರಿ?” ಅಂತ ಕೇಳಿದ್ರ ನಮ್ಮವ್ವ “ಸಾವ್ಕಾರನೇ ಬರ್ತಾನವ್ವಾ” ಅಂದಳು. ಪಾಪ, ಆಕಿ ಯಾವ ಸಾವ್ಕಾರ ಅಂತ ತಲಿ ಕೆರಕೋತ ಹೋದಳು.

ಎಣಿಕಿ ದಿನ ಸಂಜಿಗೆ ನಾವೆಲ್ಲಾರೂ ಪಡಸಾಲ್ಯಾಗ ಫೋನ್ ಗ್ವಾಡಿಗೆ ಆನಿಸಿ ಇಟ್ಟುಕೊಂಡು ಕುಂತಿದ್ವಿ. ಅಲ್ಲಿ ನಮ್ಮಂಗ ಮಷೀನ್ ಇಲ್ಲ. ವೋಟು ಮುಗದ ಸಂಜೀನೇ ಆಯಾ ದ್ವೀಪದ ಸಾಲ್ಯಾಗ ಪೆಟ್ಟಿಗಿ ತಗದು, ಚೀಟಿ ಒಂದೊಂದೇ ಎತ್ತಿ ತೋರಿಸಿ ಎಣಸ್ತಾರಂತ. ಆ ಸೀಟಿಗೆ ಮೂರ್ನಾಕು ದ್ವೀಪದ ಪೆಟ್ಟಿಗಿ. ಜೋಡಿಗೆ, ಕೆಲಸಕ್ಕಂತ ರಾಜಧಾನಿಗೆ ಹೋಗಿ ಇರೋವರದು ಅಲ್ಲೇ ಒಂದು ಪೆಟ್ಟಿಗಿ. ನನ್ನ ತಂಗಿ ತನ್ನ ಖೋಲಿಯಾಗ ಕುಂತು ವಿಡಿಯೋ ಕಾಲ್ ಹಚ್ಚಿದ್ದಳು. ಜೋಡಿ ಕೆಲಸ ಮಾಡೋ ಕೇರಳದ ನರ್ಸ್ ಒಬ್ಬಾಕಿ ಸಾಲಿ ಕಂಪೌಂಡಿನ ಹಂತ್ಯಾಕ ನಿಂತು ಇಕಿಗೆ ಖಬರ್ ಕಳಸತಿದ್ದಳು.

ನಮ್ಮ ಮನಿಯವರು ಕುಂತಲ್ಲಿ ಕುಂಡ್ರವಲ್ಲರು. ಎದ್ದು ಬಾಗಲತನ ಹೋಗ್ತಾರ, ಬರ್ತಾರ. ಹುಡುಗಿ ನನ್ನ ತೊಡಿಮ್ಯಾಲ. ಅವ್ವ ಅಡಗಿಮನ್ಯಾಗ ರೊಟ್ಟಿ ಬಡೀಲಿಕ್ಕೆ ಹತ್ತಿದ್ದಳು, ಆದ್ರ ಕಿವಿ ಪೂರಾ ನಮ್ಮ ಕಡೀಗೇ ಇತ್ತು. ಅಷ್ಟರಾಗ ನನ್ನ ತಂಗಿ ಚೀರಿದಳು, “ಅಕ್ಕಾ, ನಮ್ಮ ದ್ವೀಪದ ಪೆಟ್ಟಿಗಿ ಆತು! ಮಾಸ್ತರು ಭಾಳ ಮುಂದ ಅದಾರ!”

“ಶಾಲು ತಗೀ!” ಅಂದ್ರು ನಮ್ಮ ಮನಿಯವರು, ಫೋನಿನ ಕಡಿ ಬಗ್ಗಿ.

ಹೋದ ಸಲ ನನ್ನ ತಂಗಿ ರಜಾಕ್ಕ ಬಂದಾಗ ಇವರು ಆಕಿ ಬ್ಯಾಗಿನಾಗ ಎರಡು ಶಾಲು ಹಾಕಿ ಕಳಿಸಿದ್ರು, ‘ಪರದೇಶದಾಗ ಎಲ್ಯಾರ ಕೆಲಸಕ್ಕ ಬರ್ತಾವ’ ಅಂತ. ನಾನು ಅವಾಗ ನಕ್ಕಿದ್ದೆ. ಈಗ ನಗು ಬರಲಿಲ್ಲ. “ರೀ, ಲೀಡ್ ಅಂದ್ರ ರಿಜಲ್ಟ್ ಅಲ್ಲ. ಇನ್ನಾ ಪೆಟ್ಟಿಗಿ ಬಾಕಿ ಅವ. ನಾ ಎಣಿಕಿ ಡ್ಯೂಟಿ ಮಾಡ್ದಾಕಿ ಹೇಳಾಕತ್ತೀನಿ, ಸುಮ್ಮ ಕುಂಡ್ರಿ” ಅಂದೆ.

“ನೀ ಎಣಸಿದಾಕಿ, ನಾ ಕೆಲಸ ಮಾಡಿಸಿದಂವ. ಗೆದ್ದ ಮ್ಯಾಲ ಊರೆಲ್ಲಾ ಹೋಗತದ, ಅವಾಗ ಇಕಿ ಮಾರಿ ಯಾರು ನೆನಪಿಡ್ತಾರ? ಗೆಲ್ಲೋದಕ್ಕ ಮೊದಲು ಹೋದವರನ್ನ ಮರ್‍ಯಂಗಿಲ್ಲ. ನಾರಾಯಣಖೇಡದಾಗ ಏನಾತು?” ಅಂದ್ರು. ನಾರಾಯಣಖೇಡದ ಹೆಸರು ತಗದ್ರಂದ್ರ ಇವರ ಮುಂದ ಯಾರೂ ಮಾತಾಡಂಗಿಲ್ಲ.

ನನ್ನ ತಂಗಿ ಹಿಂದ ಮುಂದ ನೋಡಿದಳು. “ಮಾಮಾ, ಇಲ್ಲೀ ರಾಜಕೀಯದಾಗ ನಾವು ಹೊರಗಿನವರು ಕೈ ಹಾಕಬಾರದು ಅಂತ ಕೆಲಸಕ್ಕ ಸೇರೋಮುಂದೇ ಹೇಳ್ಯಾರ” ಅಂದಳು.

“ಶಾಲು ಅಂದ್ರ ರಾಜಕೀಯ ಏನವ್ವಾ? ಅದು ಮರ್‍ಯಾದಿ. ದೊಡ್ಡ ಮನಷ್ಯಾಗ ಮರ್‍ಯಾದಿ ಮಾಡಬ್ಯಾಡಂತ ಯಾವ ಕಾನೂನಿನಾಗ ಅದ? ಮಗಳನ್ನ ಕರಕೋಬೇಕೋ ಬ್ಯಾಡೋ?”

ಆ ಕೊನೇ ಮಾತಿಗೆ ನನ್ನ ತಂಗಿ ಎದ್ದಳು. ನಾನಾದ್ರೂ ಏಳ್ತಿದ್ದೆ. ದವಾಖಾನಿ ಅಂಗಳದಾಗಿನ ದೇವಕಣಗಿಲೆ ಹೂವು ದಾರಕ್ಕ ಪೋಣಿಸಿ ಗಡಿಬಿಡ್ಯಾಗ ಹಾರ ಮಾಡಿದಳು. ಕೇರಳದಾಕಿ ಸಾಲಿ ಬಿಟ್ಟು ಓಡಿ ಬಂದು ಫೋನ್ ಹಿಡದಳು. ಬಿಳೀ ಉಸುಕಿನ ಸಣ್ಣ ಓಣಿ, ನಾಕು ಹೆಜ್ಜಿಗೆ ಮಾಸ್ತರ ಮನಿ. ಅಂಗಳದಾಗ ಹಗ್ಗದ ಕುರ್ಚಿಮ್ಯಾಲ ಮಂದಿ ಕುಂತು ಚಾ ಕುಡೀಲಿಕ್ಕೆ ಹತ್ತಿದ್ರು. ಒಬ್ಬರ ಕೈಯಾಗೂ ಹಾರ ಇಲ್ಲ, ಪಟಾಕಿ ಇಲ್ಲ, ಗುಲಾಲ ಇಲ್ಲ. ಅಲ್ಲೀ ಮಂದಿ ಇನ್ನಾ ಕಾಯಾಕತ್ಯಾರ, ನಮ್ಮಾಕಿ ಒಬ್ಬಾಕೀನೇ ಗೆದ್ದಾರಂತ ತಿಳಕೊಂಡು ಹೊಂಟಾಳ ಅಂತ ಅನಸ್ತು. “ನಿಲ್ಲಲೇ” ಅಂತ ಒದರಿದೆ. ಫೋನಿನಾಗ ಕೇಳಲಿಲ್ಲೋ ಏನೋ.

ಆಕಿ ಹೋಗಿ ಹಾರ ಹಾಕಿದಳು. ಶಾಲು ಬಿಚ್ಚಿ ಹೆಗಲಿಗೆ ಹೊದಿಸಿದಳು. ಅಂಥಾ ಸೆಕಿಯಾಗ ಉಣ್ಣಿ ಶಾಲು! ಮಾಸ್ತರು ಶಾಲಿನ ಅಂಚು ಹಿಡಕೊಂಡು, ಇದೇನು ರೋಗಿಗೆ ಹೊದಸೋದೋ ಅಂತ ಗೊತ್ತಾಗದವರಂಗ ನೋಡಿದ್ರು. ಆಮ್ಯಾಲ ನಕ್ರು, ಎದಿಮ್ಯಾಲ ಕೈ ಇಟ್ಕೊಂಡ್ರು. ಕುಂತವರೆಲ್ಲಾ ಫೋನ್ ತಗದು ಫೋಟೋ ಹೊಡದ್ರು. ನಮ್ಮ ಹುಡುಗಿ ಚಪ್ಪಾಳಿ ತಟ್ಟಿ ಕುಣೀತು. ನಮ್ಮ ಮನಿಯವರು ಪೇಡೆ ತರಾಕ ಓಡಿದ್ರು. ಅಡಗಿಮನ್ಯಾಗ ರೊಟ್ಟಿ ಬಡಿಯೋ ಸಪ್ಪಳ ನಿಂತು ಹೋಗಿತ್ತು.

ಪೇಡೆ ಡಬ್ಬಿ ಇನ್ನಾ ಬಿಚ್ಚಿರಲಿಲ್ಲ, ಬಾಜೂ ದ್ವೀಪದ ಪೆಟ್ಟಿಗಿ ಬಂತು. ಸಾವ್ಕಾರ ಮುಂದ. ಇನ್ನೊಂದು ಬಂತು. ಸಾವ್ಕಾರನೇ ಮುಂದ, ಆದ್ರ ಎಲ್ಲಾ ಕೂಡಿಸಿದ್ರ ಮಾಸ್ತರು ಕೂದಲೆಳಿಯಷ್ಟು ಮ್ಯಾಲ. ರಾಜಧಾನಿ ಪೆಟ್ಟಿಗಿ ಒಂದೇ ಉಳೀತು. ನನ್ನ ತಂಗಿ ಖೋಲಿಗೆ ಬಂದು ಕುಂತಿದ್ದಳು. ಹುಡುಗಿ ಒಂದು ಪೇಡೆ ಕೇಳಿತು, ನಮ್ಮ ಮನಿಯವರು “ತಡೀ ಬೇಟಾ” ಅಂದ್ರು. ಶಿವನೇ, ಆ ರಾಜಧಾನ್ಯಾಗ ಇರೋ ಯಾವನೋ ಪುಣ್ಯಾತ್ಮ ಮಾಸ್ತರ ಕಡಿ ಓದಿದಂವ ಇರಲಿ, ಆತ ಗುರುಗಳ ಮಾರಿ ನೋಡಿ ಒಂದು ವೋಟು ಹಾಕಿರಲಿ ಅಂತ ಬೇಡಕೊಂಡೆ. ಆ ಹೊತ್ತಿನಾಗ ನನ್ನ ಒಳಗಿನ ಮನಸೂ ಮಾಸ್ತರ ಕಡೀಗೇ ಇತ್ತು.

ಕೇರಳದಾಕಿ ಬಾಗಲದಾಗ ಬಂದು ನಿಂತದ್ದು ನನ್ನ ತಂಗಿ ಹಿಂದ ಕಾಣಸ್ತು. ಆಕಿ ಇಲ್ಲ ಅಂತ ತಲಿ ಅಳ್ಳಾಡಿಸಿದಳು. ಸಾವ್ಕಾರ ಗೆದ್ದಿದ್ದ. ಆತನ ಪಾರ್ಟೀನೂ ದೇಶದ ತುಂಬ ಗೆದ್ದಿತ್ತು.

ನಮ್ಮ ಮನಿಯವರು ಪೇಡೆ ಡಬ್ಬಿ ಮ್ಯಾಲಿನ ದಾರ ಮತ್ತ ಕಟ್ಟಿದ್ರು. ಅವ್ವ ಅಡಗಿಮನಿಂದ ಹೊರಗ ಬಂದಳು. ಆಕಿ ಬೇಡಿದಂವನೇ ಗೆದ್ದಿದ್ದ, ಆದ್ರ ಮಾರಿಮ್ಯಾಲ ಖುಷಿ ಅನ್ನೋದು ಇರಲಿಲ್ಲ. ಫೋನಿನಾಗ ಮಗಳ ಮಾರಿ ನೋಡಿ “ಉಂಡಿ ಏನವ್ವಾ?” ಅಂತ ಕೇಳಿದಳು. ನನ್ನ ತಂಗಿ ಕಾಲ್ ಕಟ್ ಮಾಡಿದಳು.

ಮರುದಿನ ಮುಂಜಾನಿ ಇನ್ನಾ ದೊಡ್ಡ ಪೆಟ್ಟು ಬಂತು. ಆ ಶಾಲಿನ ಫೋಟೋ ದ್ವೀಪದ ಮಂದಿ ಫೋನಿನಾಗೆಲ್ಲಾ ತಿರಗಿತ್ತು. ಸೋತ ಮಾಸ್ತರಿಗೆ ಹೊರಗಿನ ನರ್ಸ್ ಹಾರ ಹಾಕೋ ಫೋಟೋ. ಕೆಲವರು ನಕ್ಕಿದ್ರು, ಕೆಲವರು ‘ಇಕಿಗೇನು ನಮ್ಮ ಎಲೆಕ್ಷನ್‌ನಾಗ ಕೆಲಸ’ ಅಂತ ಬರದಿದ್ರು. ದವಾಖಾನಿ ದೊಡ್ಡ ಡಾಕ್ಟರು ಕರದು ಕೇಳಿದ್ರಂತ, ಯಾಕ ಹೋಗಿದ್ದಿ ಅಂತ. “ನಮ್ಮ ಕಡಿ ಪದ್ಧತಿ ಸರ್” ಅಂದ್ಲಂತ. “ನಿಮ್ಮ ಕಡಿ ಎಣಿಕಿ ಮುಗಿಯೋದಕ್ಕ ಮೊದಲೇ ಮಾಡ್ತಾರೇನು?” ಅಂತ ಅವರು ತಿರಗಿ ಕೇಳಿದ್ರಂತ. ಹುಡುಗಿ ಪರವಾನಗಿ ಹೋಗ್ಲಿ, ಈಗ ಕೆಲಸಾನೂ ಉಳೀತದೋ ಇಲ್ಲೋ ಅನ್ನಂಗಾಗಿತ್ತು.

ನಾನು ಗಂಡನ ಮ್ಯಾಲ ಹರಿಹಾಯ್ದೆ. “ನಿಮ್ಮ ನಾರಾಯಣಖೇಡಕ್ಕ ಬೆಂಕಿ ಹತ್ತಲಿ! ಜಗತ್ತೆಲ್ಲಾ ಜಹೀರಾಬಾದ್ ಅಂತ ತಿಳಕೊಂಡೀರೇನ್ರಿ? ಆಕಿ ಮಾನ ಕಳದ್ರಿ, ಕೂಸಿನ ದಾರಿ ಮುಚ್ಚಿದ್ರಿ” ಅಂತ ಬಾಯಿಗೆ ಬಂದಂಗ ಅಂದೆ. ನನ್ನ ಸಿಟ್ಟು ಯಾವಾಗಲೂ ಮೂಗಿನ ತುದಿಗೇ ಇರತದ, ಅವತ್ತು ಅಲ್ಲಿಂದ ನಾಲಿಗಿಗೇ ಜಿಗದಿತ್ತು. ಅವರು ತಗ್ಗಿದ ದನಿಯಾಗ “ಇನ್ನೊಂದು ಶಾಲು ಅದ ಆಕಿ ಹಂತ್ಯಾಕ” ಅಂದ್ರು. “ಇಲ್ಲಿ ಎಲ್ಲಾರೂ ಹಂಗೇ ಮಾಡ್ತಾರ. ತಪ್ಪಿ ಸೋತವಗ ಹಾಕಿದ್ರ, ಮರುದಿನ ಗೆದ್ದವಗ ಹಾಕಿ ಬರ್ತಾರ. ಬರೋಬ್ಬರಿ ಆಗತದ. ಮನಸಿನಾಗ ಇಟ್ಕೊಳ್ಳಂಗಿಲ್ಲ ಯಾರೂ.”

“ಆಕಿ ಮತ್ತೊಬ್ಬರ ಬಾಗಲಿಗೆ ಹೋಗಂಗಿಲ್ಲ. ನಾ ಹೋಗಗೊಡಂಗಿಲ್ಲ” ಅಂದೆ.

ಅಷ್ಟರಾಗ ಫೋನ್ ಬಂತು. ನನ್ನ ತಂಗಿ ಕಣ್ಣು ಊದಿ ಹೋಗಿದ್ವು. ಮಾಮಾ ಹೇಳಿದ್ದನ್ನ ಕೇಳಿ “ಅದೂ ಮಾಡ್ಲೇನು ಅಕ್ಕಾ?” ಅಂತ ನನ್ನೇ ಕೇಳಿದಳು. ನಾನು ಬ್ಯಾಡ ಅನ್ನಾಕ ಬಾಯಿ ತೆರದೆ. ಅವ್ವ ನನ್ನ ಕೈಯಿಂದ ಫೋನ್ ಕಸಗೊಂಡಳು.

“ಹೋಗು,” ಅಂದಳು ಅವ್ವ. ಇಷ್ಟು ದಿನ ಸಾವ್ಕಾರ ಗೆಲ್ಲಲಿ, ಕೂಸು ಇಲ್ಲೇ ಉಳೀಲಿ ಅಂತಿದ್ದ ನಮ್ಮವ್ವ. “ಹೋಗಿ ಹಾಕಿ ಬಾ. ನಿಮ್ಮಪ್ಪ ಸತ್ತ ಮ್ಯಾಲ ನಿಮ್ಮಿಬ್ಬರ ಸಾಲಿಗಂತ ನಾ ಎಷ್ಟು ಬಾಗಲ ಮುಂದ ನಿಂತೀನಿ, ಯಾರ‍್ಯಾರಿಗೆ ಕೈ ಮುಗದೀನಿ, ನಿನಗೇನು ಗೊತ್ತು? ನನ್ನ ಮಾನ ಏನು ಸವದು ಹೋಗ್ಯಾದ? ಮಗಳು ಬೇಕು ನಿನಗ. ನಾಚಿಕಿ ಬಿಟ್ಟು ಹೋಗು.” ಇಷ್ಟು ಹೇಳಿ ಫೋನ್ ನನ್ನ ಕೈಗೆ ತುರುಕಿ ಸೆರಗಿಲೆ ಮಾರಿ ಒರಸಿಕೊಂಡಳು. ಅವ್ವನ ಮುಂದ ನನ್ನ ಸಿಟ್ಟು ಗಪ್ ಆತು.

ಸಂಜಿಗೆ ಡ್ಯೂಟಿ ಮುಗಿಸಿ ನನ್ನ ತಂಗಿ ಸಾವ್ಕಾರನ ಮನಿಗೆ ಹೋದಳು. ಈ ಸಲ ವಿಡಿಯೋ ಹಚ್ಚಲಿಲ್ಲ, ನಾವು ಹಚ್ಚು ಅನ್ನಲೂ ಇಲ್ಲ. ಎಲ್ಲಾ ಆಮ್ಯಾಲ ಆಕೀನೇ ಹೇಳಿದ್ದು. ಅಂಗಳದ ತುಂಬ ಮಂದಿ ಇದ್ರಂತ. ಇಕಿ ಶಾಲು ಬಿಚ್ಚೂದ್ರೊಳಗ ಸಾವ್ಕಾರ ಕೇಳಿದನಂತ, “ಇದು ನಿನ್ನೀದೇನು? ಮಾಸ್ತರ ಮನಿಂದ ವಾಪಸ್ ಇಸಗೊಂಡು ಬಂದೇನು?” ಅಂಗಳ ಎಲ್ಲಾ ಬಿದ್ದು ಬಿದ್ದು ನಕ್ಕಿತಂತ. ಇಕಿ ಶಾಲು ಕೈಯಾಗ ಹಿಡಕೊಂಡು ಹಂಗೇ ನಿಂತಳಂತ. “ಇಲ್ಲ ಸರ್, ಇದು ಬ್ಯಾರೆ” ಅಂದ್ಲಂತ. ಅದಕ್ಕೂ ನಕ್ಕರಂತ.

ಆಮ್ಯಾಲ ಸಾವ್ಕಾರ ಶಾಲು ಮುಟ್ಟದೇನೇ, ಆದ್ರ ದನಿ ತಗ್ಗಿಸಿ ಹೇಳಿದನಂತ, “ಸಿಸ್ಟರ್, ನಿನ್ನ ಮ್ಯಾಲ ನನಗ ಸಿಟ್ಟಿಲ್ಲ. ನನ್ನ ಮೊಮ್ಮಗನ್ನ ಹುಟ್ಟಿಸಿದಾಕಿ ನೀನೇ. ಕೆಲಸ ಮಾಡಕೋತ ಇರು, ಯಾರೂ ತಗಿಯಂಗಿಲ್ಲ. ಆದ್ರ ಮಕ್ಕಳ ವಿಷಯ ಕೇಳಬ್ಯಾಡ. ಅದು ಬ್ಯಾಡಂತ ಹೇಳೇ ನಾ ವೋಟು ಇಸಗೊಂಡೀನಿ.” ಚಾ ಕುಡದು ಹೋಗು ಅಂದನಂತ. ಇಕಿ ಕುಡಿಯಲಿಲ್ಲ.

ಆ ಮನಷ್ಯಾನ್ನ ನಾ ಬೈಯಾಕ ಶುರು ಮಾಡಿದ್ರ ನನ್ನ ತಂಗೀನೇ ತಡದಳು. “ಹೇಳಿದಂಗ ನಡಕೊಂಡ ಅಕ್ಕಾ, ಅಷ್ಟೇ” ಅಂದಳು. ಅದನ್ನ ಕೇಳಿ ನನಗ ಇನ್ನಾ ಉರೀತು. ನಮ್ಮ ಕಡಿ ಲೀಡರುಗಳು ಒಬ್ಬರಾರ ಹೇಳಿದಂಗ ನಡಕೊಂಡದ್ದು ನೋಡಿಲ್ಲ ನಾನು. ನಡಕೊಳ್ಳೋನು ಒಬ್ಬ ಸಿಕ್ಕ, ಅಂವನೂ ನಮ್ಮ ಕೂಸಿನ ದಾರ‍್ಯಾಗ ಸಿಗಬೇಕಾ?

ತಿಂಗಳು ತುಂಬೋದ್ರಾಗ ಅರ್ಜಿಗೆ ಇಲ್ಲಂತ ಉತ್ತರ ಬಂತು. ಅದರ ಜೋಡೀನೇ ಇನ್ನೆರಡು ವರ್ಷಕ್ಕ ಕೆಲಸ ಮುಂದುವರಸ್ತೀವಿ ಅಂತ ದವಾಖಾನಿಯವರು ಹೇಳಿದ್ರು. ಸಾವ್ಕಾರ ಆ ಮಾತೂ ತಪ್ಪಿರಲಿಲ್ಲ. ಆಕಿ ಕೈಗುಣ ಆ ದ್ವೀಪಕ್ಕ ಬೇಕಾಗಿತ್ತು, ಮಗಳು ಬ್ಯಾಡಾಗಿದ್ದಳು. ಹುಡುಗಿಗೆ ಏನು ಹೇಳೋದಂತ ನಾವು ಮೂವರೂ ಒಬ್ಬರ ಮಾರಿ ಒಬ್ಬರು ನೋಡಿದ್ವಿ. ನಮ್ಮ ಮನಿಯವರು ಅಂಗಡಿಗೆ ಹೋಗೋದನ್ನೇ ಬಿಟ್ಟು ಎರಡು ದಿನ ಮಂಚದ ಮ್ಯಾಲ ಬಿದ್ದುಕೊಂಡಿದ್ರು. ನಮ್ಮೂರ ರಿಜಲ್ಟ್ ಬಂತು, ಪಟಾಕಿ ಹಾರಿದ್ವು, ಇವರು ಎದ್ದು ಹೊರಗ ಸೈತ ಬರಲಿಲ್ಲ. ದೋಸ್ತರು ಫೋನ್ ಮಾಡಿದ್ರ “ಆರಾಮಿಲ್ಲ” ಅಂದ್ರು. ನನಗ ಅವರ ಮ್ಯಾಲಿನ ಸಿಟ್ಟು ಅವತ್ತು ಇಳೀತು.

ನನ್ನ ತಂಗಿ ವಾರ ಕಳೆದು ಫೋನ್ ಮಾಡಿದಳು. ದನಿ ಭಾಳ ಶಾಂತ ಇತ್ತು. “ಅಕ್ಕಾ, ನಾ ಬರ್ತೀನಿ.”

“ರಜಾ ಕೊಟ್ರೇನು?”

“ರಜಾ ಅಲ್ಲ. ಹೊಸಾ ಕಾಗದಕ್ಕ ಸಹಿ ಮಾಡಲಿಲ್ಲ ನಾ. ಬಿಟ್ಟು ಬರ್ತೀನಿ.”

ನನ್ನ ಬಾಯಾಗಿಂದ “ಹುಚ್ಚಿ!” ಅಂತ ಬಂತು. ಅಲ್ಲಿ ಆಕಿ ನೆಟ್ಟಗ ನಿಂತಿದ್ದನ್ನ ನಾ ನೋಡಿದ್ದೆ. ಇಲ್ಲಿ ಯಾವುದೋ ನರ್ಸಿಂಗ್ ಹೋಮಿನಾಗ ಹಗಲೂರಾತ್ರಿ ದುಡಿಬೇಕು, ತಾಂಡೂರಿನವರ ಮಾತು ಕೇಳಬೇಕು. “ಇನ್ನೊಮ್ಮೆ ವಿಚಾರ ಮಾಡು. ಹುಡುಗೀನ್ನ ನಾ ನೋಡಕೋತೀನಿ, ನನಗೇನು ಭಾರ ಅಲ್ಲ” ಅಂದೆ.

“ನಿನಗ ಭಾರ ಅಲ್ಲ ಅಂತ ಗೊತ್ತದ ಅಕ್ಕಾ. ಆ ಅಂಗಳದಾಗ ಅಷ್ಟು ಮಂದಿ ನಕ್ರು, ತಡಕೊಂಡೆ. ಹೊರಗ ಬಂದ ಮ್ಯಾಲ ಅನಸ್ತು, ಇದನ್ನೆಲ್ಲಾ ನಾ ಯಾರಿಗಾಗಿ ಮಾಡಾಕತ್ತೀನೋ ಆಕಿ ಮುಂದಿನ ಹಲ್ಲು ಬಿದ್ದದ್ದು ನಾ ಫೋನಿನಾಗ ನೋಡ್ದೆ. ಇನ್ನೆರಡು ವರ್ಷ ನನ್ನಿಂದ ಆಗಂಗಿಲ್ಲ.”

ನನಗ ಖುಷಿ ಆತು, ಭಾಳ ಖುಷಿ ಆತು. ಹುಡುಗಿ ಎಲ್ಲೂ ಹೋಗಂಗಿಲ್ಲ ಅಂತ ಮೊದಲು ನೆನಪಾತು, ನನ್ನ ತಂಗಿ ಏನೇನು ಬಿಟ್ಟು ಬರ್ತಾಳ ಅನ್ನೋದು ಆಮ್ಯಾಲ. ಅವ್ವಗ ಹೇಳಿದ್ರ ಆಕಿ ದೇವರ ಮುಂದ ಹೋಗಿ ಕುಂತು ಲಿಂಗ ಅಂಗೈಯಾಗ ಇಟ್ಕೊಂಡು ಬಹಳ ಹೊತ್ತು ಕಣ್ಣು ಮುಚ್ಚಿದ್ದಳು. ಏನು ಬೇಡಿಕೊಂಡಳೋ, ಯಾರ ಮುಂದೂ ಹೇಳಿಲ್ಲ.

ಆಕಿ ಬರೋ ದಿನ ನಾವು ನಾಕೂ ಮಂದಿ ಬಸ್‌ಸ್ಟ್ಯಾಂಡಿಗೆ ಹೋದ್ವಿ. ಮೊದಲನೇ ಮಳಿ ಬಿದ್ದು ನೆಲ ಹಸಿ ಇತ್ತು. ಹುಡುಗಿಗೆ ಮಮ್ಮಿ ಬರ್ತಾಳ ಅಂತ ಅಷ್ಟೇ ಹೇಳಿದ್ವಿ, ಉಳಿದದ್ದು ತಾಯೀನೇ ಹೇಳ್ಲಿ ಅಂತ ಬಿಟ್ಟಿದ್ವಿ. ಹೈದರಾಬಾದ್ ಬಸ್ ಬಂತು. ನನ್ನ ತಂಗಿ ಇಳದಳು, ಈ ಸಲ ಸಾಮಾನು ಭಾಳ ಇತ್ತು, ಗಾದಿ ಚಾದರ ಸೈತ ಕಟ್ಟಿಕೊಂಡು ಬಂದಿದ್ದಳು. ಹುಡುಗಿ ಓಡಿ ಹೋಗಿ ನಡಾ ತೆಕ್ಕಿ ಹಾಯ್ದಿತು. ಆಮ್ಯಾಲ ಮಾರಿ ಮ್ಯಾಲೆತ್ತಿ, ಪ್ರತಿ ವರ್ಷ ಕೇಳೋದನ್ನೇ ಕೇಳಿತು.

“ಮಮ್ಮಿ, ಎಷ್ಟು ದಿನ ರಜಾ?”

“ರಜಾ ಇಲ್ಲ ಬಂಗಾರಾ. ಇನ್ಮ್ಯಾಲ ಇಲ್ಲೇ ಇರ್ತೀನಿ.”

ಹುಡುಗಿ ನನ್ನ ಕಡಿ ನೋಡಿತು, ಆಯಿ ಕಡಿ ನೋಡಿತು. ಆ ಮಾತು ಆಕಿ ಒಳಗ ಇಳಿಯಲೇ ಇಲ್ಲ. “ಹಂಗಂದ್ರ ಯಾವಾಗ ಹೋಗ್ತಿ?” ಅಂತ ಕೇಳಿತು.

ನನ್ನ ತಂಗಿ ಅಲ್ಲೇ ಗಂಟಿನ ಮ್ಯಾಲ ಕುಂತಳು. ಎಲೆಕ್ಷನ್ ಸಂಜೀಗೆ ನಮ್ಮ ಮುಂದೂ, ಆ ಸಾವ್ಕಾರನ ಅಂಗಳದಾಗೂ ಅಳದಾಕಿ, ಬಸ್‌ಸ್ಟ್ಯಾಂಡಿನಾಗ ಅಷ್ಟು ಮಂದಿ ನಡುವ ಬಾಯಿಗೆ ಸೆರಗು ಹಿಡಕೊಂಡು ಅಳಾಕ ಹತ್ತಿದಳು. ನಾ ಮುಂದ ಹೋಗಬೇಕಂದ್ರ ಅವ್ವ ನನ್ನ ಕೈ ಹಿಡದು ನಿಲ್ಲಿಸಿದಳು. ಹುಡುಗಿ ತಾಯಿ ತಲಿಮ್ಯಾಲ ಕೈ ಇಟ್ಟು, ದೊಡ್ಡವರಂಗ ಸಮಾಧಾನ ಮಾಡಿತು, “ಅಳಬ್ಯಾಡ ಮಮ್ಮಿ. ಇವತ್ತೇ ಬಂದೀದಿ. ಹೋಗಾಕ ಇನ್ನಾ ಭಾಳ ದಿನ ಅವ.”